ಮೂಗಿಗಿಂತ ಮೂಗುತಿ ಭಾರ! ನಂಬರ್ ಪ್ಲೇಟಿನ ಕಥೆ, ಬಡವನ ವ್ಯಥೆ

ಜಗಳೂರು ಕಡೆಯಿಂದ ಬೆಳಿಗ್ಗೆ ದಾವಣಗೆರೆಗೆ ಬರುವ ರೈತನ ಮೋಪೆಡ್ಡನ್ನು ಯಾರಾದರೂ ಒಮ್ಮೆ ನಿಂತು ನೋಡಬೇಕು. ಮುಂದೆ ಹಾಲಿನ ಕ್ಯಾನು, ನಡುವೆ ಗೊಬ್ಬರದ ಚೀಲ, ಹಿಂದೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಮೊಮ್ಮಗು. ಗಾಡಿಗೆ ಹದಿನೈದು ವರ್ಷ. ಸೈಲೆನ್ಸರಿಗೆ ತಂತಿ ಸುತ್ತಿದೆ. ಹಿಂದಿನ ನಂಬರ್ ಪ್ಲೇಟು ಮಣ್ಣು ಮೆತ್ತಿ, ‘ಕೆಎ 17’ ಎಂಬಷ್ಟು ಮಾತ್ರ ಕಾಣುತ್ತದೆ. ಹಳೇ ಗಾಡಿ ವ್ಯಾಪಾರದವನ ಹತ್ತಿರ ತಗೊಂಡು ಹೋದರೆ ಐದು ಸಾವಿರ ಕೊಟ್ಟರೆ ಪುಣ್ಯ.

ಈ ಗಾಡಿಗೂ ‘ಹೈ ಸೆಕ್ಯೂರಿಟಿ’ ಬೇಕು ಅಂತ ಸರ್ಕಾರ ಹೇಳಿತು!

ಅತಿ ಸುರಕ್ಷಿತ ನೋಂದಣಿ ಫಲಕ ಎಂದು ಸರ್ಕಾರಿ ಕಾಗದದಲ್ಲಿ ಬರೆಯುತ್ತಾರೆ. ಜನರ ಬಾಯಲ್ಲಿ ಅದು ಎಚ್.ಎಸ್.ಆರ್.ಪಿ. ಹಳ್ಳಿಯಲ್ಲಿ ‘ಹೊಸ ತಗಡು’. ಹೆಸರು ಏನೇ ಇರಲಿ, ದುಡ್ಡು ಮಾತ್ರ ಗಾಡಿ ಮಾಲೀಕನ ಜೇಬಿನಿಂದಲೇ ಹೋಗಬೇಕು. ಮೋಪೆಡ್ಡು, ಬೈಕು, ಸ್ಕೂಟರಿಗೆ ನಾನೂರು ಐನೂರರ ಆಸುಪಾಸು. ಕಾರಿಗೆ ಆರುನೂರರಿಂದ ಎಂಟುನೂರರ ಆಸುಪಾಸು.

‘ಇಷ್ಟಕ್ಕೆಲ್ಲಾ ಯಾಕ್ರೀ ಗಲಾಟೆ, ಎರಡು ಪ್ಲೇಟು ಬೆಣ್ಣೆದೋಸೆ ತಿಂದಷ್ಟು ಖರ್ಚು’ ಎನ್ನುವವರೂ ಇದ್ದಾರೆ. ಕಾರಿನಲ್ಲಿ ಬಂದು, ಕುಟುಂಬದ ಜತೆ ದೋಸೆ ತಿಂದು ಹೋಗುವವರಿಗೆ ಅದು ನಿಜ. ಮಂಡಿಪೇಟೆಯಲ್ಲಿ ಮೂಟೆ ಹೊರುವವನಿಗೆ ಅದು ಒಂದು ದಿನದ ಕೂಲಿ. ಇನ್ನೊಂದು ದಿನದ ಕೂಲಿ, ತಗಡು ಹಾಕಿಸಲು ಹೋಗಿ ಬರುವುದರಲ್ಲಿ ಮುಳುಗುತ್ತದೆ.

ಹಾಗಾದರೆ ಈ ತಗಡು ಬೇಡವೇ ಬೇಡವೆ? ಬೇಡ ಎನ್ನುವುದು ಸುಲಭ. ಆದರೆ ವಿಷಯ ಅಷ್ಟು ಸಲೀಸಾಗಿಲ್ಲ. ಸ್ವಲ್ಪ ಬಿಡಿಸಿ ನೋಡಬೇಕು.

ಇಪ್ಪತ್ತೆರಡು ವರ್ಷ ನಿದ್ದೆ, ಮೂರು ತಿಂಗಳ ಗಡುವು

ಇದು ನಿನ್ನೆ ಮೊನ್ನೆ ಹುಟ್ಟಿದ ಕಾನೂನಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರವು. ಅದರ 50ನೇ ನಿಯಮಕ್ಕೆ 2001ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ತಂದು, ದೇಶದ ಎಲ್ಲಾ ಗಾಡಿಗೂ ಒಂದೇ ಮಾದರಿಯ, ನಕಲು ಮಾಡಲು ಬಾರದ ಫಲಕ ಹಾಕಬೇಕೆಂದು ಹೇಳಿತು. ಅಲ್ಲಿಂದ ಶುರುವಾಯಿತು ನೋಡಿ ಟೆಂಡರಿನ ಜಗಳ. ಯಾರು ತಯಾರಿಸಬೇಕು, ಯಾವ ಕಂಪನಿಗೆ ಅರ್ಹತೆ ಇದೆ, ಒಂದು ರಾಜ್ಯಕ್ಕೆ ಒಬ್ಬನೇ ಗುತ್ತಿಗೆದಾರನೋ ಹತ್ತು ಮಂದಿಯೋ ಎಂದು ಕಂಪನಿಗಳು ಕಿತ್ತಾಡಿಕೊಂಡು ಸುಪ್ರೀಂ ಕೋರ್ಟಿನ ತನಕ ಹೋದವು. 2004ರಲ್ಲಿ ಕೋರ್ಟು ಟೆಂಡರಿನ ಷರತ್ತುಗಳನ್ನು ಎತ್ತಿ ಹಿಡಿಯಿತು. ಆದರೂ ರಾಜ್ಯಗಳು ಮಗ್ಗುಲು ಬದಲಿಸಲಿಲ್ಲ.

ಭಯೋತ್ಪಾದನಾ ವಿರೋಧಿ ರಂಗದ ಮಣಿಂದರ್‌ಜಿತ್ ಸಿಂಗ್ ಬಿಟ್ಟಾ ಅವರು ಹಾಕಿದ ಅರ್ಜಿಯ ಮೇಲೆ 2011, 2012ರಲ್ಲಿ ಸುಪ್ರೀಂ ಕೋರ್ಟು ರಾಜ್ಯ ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ದೆಹಲಿಯಂಥ ಕೆಲವು ಕಡೆ ಕೆಲಸ ಶುರುವಾಯಿತು. ಕರ್ನಾಟಕದಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಯಿತೇ ಹೊರತು, ತಗಡು ಗಾಡಿಯ ಮೇಲೆ ಹತ್ತಲಿಲ್ಲ.

ಆಮೇಲೆ ಕೇಂದ್ರವೇ ಒಂದು ಉಪಾಯ ಮಾಡಿತು. 2019ರ ಏಪ್ರಿಲ್ 1ರಿಂದ ಮಾರುವ ಹೊಸ ಗಾಡಿಗಳಿಗೆ ಕಂಪನಿಯವರೇ ಈ ಫಲಕ ಕೊಡಬೇಕು ಎಂದಿತು. ಹೊಸ ಗಾಡಿಯವರಿಗೆ ತಲೆನೋವು ತಪ್ಪಿತು. ಉಳಿದವರು ಹಳೇ ಗಾಡಿಯವರು. ಕರ್ನಾಟಕದಲ್ಲಿ ಅಂಥ ಗಾಡಿಗಳು ಎರಡು ಕೋಟಿಯಷ್ಟು ಎಂಬುದು ಸರ್ಕಾರದ ಲೆಕ್ಕ. ಅವಕ್ಕೆಲ್ಲಾ ಫಲಕ ಹಾಕಿಸಬೇಕೆಂದು ರಾಜ್ಯ ಸಾರಿಗೆ ಇಲಾಖೆ ಅಧಿಸೂಚನೆ ಹೊರಡಿಸಿದ್ದು 2023ರ ಆಗಸ್ಟಿನಲ್ಲಿ. ಕೊಟ್ಟ ಗಡುವು ನವೆಂಬರ್ 17.

ಲೆಕ್ಕ ಹಾಕಿ. ಸರ್ಕಾರ ತೆಗೆದುಕೊಂಡಿದ್ದು ಇಪ್ಪತ್ತೆರಡು ವರ್ಷ. ರೈತನಿಗೆ ಕೊಟ್ಟಿದ್ದು ಮೂರು ತಿಂಗಳು!

ಆಗಿದ್ದೇನು? ಯಾರೂ ಹಾಕಿಸಲಿಲ್ಲ. ಗಡುವು 2024ರ ಫೆಬ್ರವರಿ 17ಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಫಲಕ ಹಾಕಿಸಿದ್ದ ಗಾಡಿಗಳು ಸುಮಾರು 18 ಲಕ್ಷ ಎಂದು ಸಾರಿಗೆ ಸಚಿವ ರಾಮಲಿಂಗಾರೆಡ್ಡಿ ಅವರೇ ವಿಧಾನ ಪರಿಷತ್ತಿನಲ್ಲಿ ಹೇಳಿದರು. ಎಂದರೆ ಹತ್ತು ಗಾಡಿಗೆ ಒಂದೂ ಪೂರ್ತಿ ಇಲ್ಲ. ಗಡುವು ಮೇ 31ಕ್ಕೆ ಹೋಯಿತು. ಅಲ್ಲಿಂದ ಸೆಪ್ಟೆಂಬರ್ 15ಕ್ಕೆ ಹೋಯಿತು. ಅದಾದ ಮೇಲೂ ಮುಂದೂಡಿಕೆ ನಿಲ್ಲಲಿಲ್ಲ. ಹಾಕಿಸದಿದ್ದರೆ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1000 ರೂಪಾಯಿ ದಂಡ ಎಂದು ಹೆದರಿಸಿದ್ದೂ ಆಯಿತು. ಜನ ಒಂದು ಪಾಠ ಕಲಿತರು: ‘ಸರ್ಕಾರದ ಗಡುವು ಅಂದ್ರೆ ತೋಳ ಬಂತು ತೋಳ ಅನ್ನೋ ಕಥೆ. ಅವಸರ ಮಾಡಿದವನೇ ಪೆದ್ದ.’

ಕಾನೂನಿನ ಮಾತಿಗೆ ಬೆಲೆ ಕಳೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ತಗಡಿನಲ್ಲಿ ಅಂಥದ್ದೇನಿದೆ?

ಇದು ಬರೀ ಅಲ್ಯೂಮಿನಿಯಂ ತಗಡಲ್ಲ ಎನ್ನುವುದು ನಿಜ. ಎಡಗಡೆ ಮೇಲ್ಭಾಗದಲ್ಲಿ ಅಶೋಕ ಚಕ್ರದ ಹೊಳೆಯುವ ಮುದ್ರೆ ಇದೆ. ಅದರ ಕೆಳಗೆ ನೀಲಿ ಬಣ್ಣದಲ್ಲಿ ದೇಶದ ಹೆಸರಿನ ಮೂರು ಅಕ್ಷರ. ಕೆಳಗಡೆ ಲೇಸರಿನಿಂದ ಕೊರೆದ ಒಂದು ಗುರುತಿನ ಸಂಖ್ಯೆ, ಅದು ಪ್ರತಿ ತಗಡಿಗೂ ಬೇರೆ ಬೇರೆ. ಅಕ್ಷರಗಳು ಉಬ್ಬಿರುತ್ತವೆ, ಬಣ್ಣ ಬಳಿದದ್ದಲ್ಲ. ಒಮ್ಮೆ ಕೂಡಿಸಿದ ಲಾಕನ್ನು ಬಿಚ್ಚಿದರೆ ಮತ್ತೆ ಹಾಕಲು ಬರುವುದಿಲ್ಲ, ಮುರಿದೇ ಹೋಗುತ್ತದೆ. ಕಾರಿಗಾದರೆ ಮುಂದಿನ ಗಾಜಿಗೆ ಅಂಟಿಸಲು ಮೂರನೆಯದೊಂದು ಸ್ಟಿಕ್ಕರು. ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ ಬಣ್ಣ.

ಇದರಿಂದ ಉಪಯೋಗವೂ ಇದೆ. ಸರಗಳ್ಳರು ಕದ್ದ ಬೈಕಿಗೆ ಯಾರದೋ ನಂಬರು ಬರೆಸಿಕೊಂಡು ಬರುವುದು ಹೊಸ ಸುದ್ದಿಯಲ್ಲ. ಎಲ್ಲೋ ಸಿಗ್ನಲ್ ಹಾರಿದ ಬೈಕಿನ ದಂಡದ ನೋಟೀಸು, ಆ ಊರನ್ನೇ ನೋಡದವನ ಮನೆಗೆ ಬರುವುದೂ ಹೊಸದಲ್ಲ. ಕ್ಯಾಮೆರಾ ನೋಡುವುದು ನಂಬರನ್ನು, ಓಡಿಸಿದವನ ಮುಖವನ್ನಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ ಅಪಘಾತದ್ದು. ಹೆದ್ದಾರಿಯಲ್ಲಿ ಗುದ್ದಿ ಪರಾರಿಯಾದ ಗಾಡಿ ಯಾವುದೆಂದು ಗೊತ್ತಾಗದಿದ್ದರೆ, ಸತ್ತವನ ಮನೆಯವರಿಗೆ ಸಿಗುವುದು ಕೇಂದ್ರದ ಯೋಜನೆಯ ಎರಡು ಲಕ್ಷ, ಗಾಯಾಳುವಿಗೆ ಐವತ್ತು ಸಾವಿರ. ಅದೂ 2022ರ ಏಪ್ರಿಲಿನಿಂದ ಏರಿಸಿದ ಮೊತ್ತ. ಅದಕ್ಕೆ ಮೊದಲು ಇದ್ದದ್ದು ಇಪ್ಪತ್ತೈದು ಸಾವಿರ, ಹನ್ನೆರಡೂವರೆ ಸಾವಿರ. ನಂಬರು ಸಿಕ್ಕರೆ, ವಿಮೆ ಇದ್ದರೆ, ನ್ಯಾಯಮಂಡಳಿಯಲ್ಲಿ ಸತ್ತವನ ವಯಸ್ಸು, ದುಡಿಮೆ, ಮಕ್ಕಳು ಎಲ್ಲಾ ಲೆಕ್ಕಕ್ಕೆ ಬಂದು ಹತ್ತಾರು ಲಕ್ಷ ಸಿಗುವುದುಂಟು. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಬದುಕುವ ಜಿಲ್ಲೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದಲು ಬರುವ ನಂಬರು ಒಂದು ಸಂಸಾರವನ್ನು ಉಳಿಸಬಹುದು.

ಆದ್ದರಿಂದ ತಗಡು ಬೇಡ ಎನ್ನುವುದು ಸರಿಯಲ್ಲ. ಅದರ ಖರ್ಚು ಯಾರ ತಲೆಗೆ, ಅದರ ಲಾಭ ಯಾರ ಜೇಬಿಗೆ, ಅದನ್ನು ಹಾಕಿಸುವ ದಾರಿ ಯಾರಿಗೆ ಅನುಕೂಲ, ಇವು ಕೇಳಬೇಕಾದ ಪ್ರಶ್ನೆಗಳು.

ಎಂಟುನೂರು ಕೋಟಿಯ ತಗಡು

ಒಂದು ಸಣ್ಣ ಗುಣಾಕಾರ ಸಾಕು. ಎರಡು ಕೋಟಿ ಗಾಡಿ. ಎಲ್ಲಾ ಮೋಪೆಡ್ಡು ಎಂದೇ ಇಟ್ಟುಕೊಂಡು, ತಲೆಗೆ ಬರೀ ನಾನೂರು ಹಿಡಿದರೂ ಎಂಟುನೂರು ಕೋಟಿ ರೂಪಾಯಿ! ಇದು ತೆರಿಗೆಯಲ್ಲ. ಸರ್ಕಾರದ ಖಜಾನೆಗೆ ಹೋಗುವ ದುಡ್ಡೂ ಅಲ್ಲ. ಸರ್ಕಾರ ಕಡ್ಡಾಯ ಮಾಡುತ್ತದೆ, ಜನ ಕೊಡುತ್ತಾರೆ, ಖಾಸಗಿಯವರು ತಗೊಳ್ಳುತ್ತಾರೆ. ಗಿರಾಕಿಗೆ ಬೇಡ ಎನ್ನುವ ಹಕ್ಕಿಲ್ಲ, ಚೌಕಾಸಿ ಮಾಡುವ ಹಕ್ಕಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನಿಗೂ ಇದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಉಂಟು.

ಇಷ್ಟು ದೊಡ್ಡ ವ್ಯಾಪಾರ ಎಂದ ಮೇಲೆ ಜಗಳ ಬರದೆ ಇರುತ್ತದೆಯೆ? ಗಾಡಿ ತಯಾರಿಸುವ ಕಂಪನಿಗಳು ಒಪ್ಪಿದ ತಯಾರಕರಿಗೆ ಮಾತ್ರ ಅವಕಾಶ ಎಂದು 2023ರ ಅಧಿಸೂಚನೆ ಹೇಳುತ್ತಿದ್ದಂತೆ, ಉಳಿದ ಫಲಕ ತಯಾರಕರು ಹೈಕೋರ್ಟಿನ ಬಾಗಿಲು ತಟ್ಟಿದರು. ‘ಕೇಂದ್ರದ ಪರವಾನಗಿ ನಮಗೂ ಇದೆ, ನಮ್ಮನ್ಯಾಕೆ ಹೊರಗಿಟ್ಟಿರಿ’ ಎಂಬುದು ಅವರ ವಾದ. ಅವರ ವಾದ ಅವರಿಗಿರಲಿ. ಹತ್ತು ಮಂದಿ ತಯಾರಕರು ಇದ್ದಿದ್ದರೆ ಬೆಲೆ ಇಳಿಯುತ್ತಿತ್ತೋ ಏನೋ ಎಂಬ ಪ್ರಶ್ನೆ ಗಾಡಿ ಮಾಲೀಕನದ್ದು. ಅವನ ಪರವಾಗಿ ವಾದ ಮಾಡಲು ಅಲ್ಲಿ ಯಾರಿದ್ದರು?

ಇನ್ನೊಂದು ಕಡೆ, ದಾರಿ ಬದಿಯಲ್ಲಿ ನಂಬರು ಬರೆದು ಹೊಟ್ಟೆ ಹೊರೆಯುತ್ತಿದ್ದ ಪೇಂಟರು ಇದ್ದಾನೆ. ಮೊದಲು ಕುಂಚದಲ್ಲಿ ಬರೆಯುತ್ತಿದ್ದ. ಆಮೇಲೆ ರೇಡಿಯಂ ಕತ್ತರಿಸಿ ಅಂಟಿಸುವುದು ಕಲಿತ. ನೂರು ಇನ್ನೂರಕ್ಕೆ ಕೆಲಸ ಮುಗಿಸಿ, ಮೇಲೆ ‘ಶ್ರೀ ಆಂಜನೇಯ ಪ್ರಸನ್ನ’ ಎಂದೋ ‘ತಾಯಿಯ ಆಶೀರ್ವಾದ’ ಎಂದೋ ಪುಕ್ಕಟೆಯಾಗಿ ಬರೆದುಕೊಡುತ್ತಿದ್ದ. ನಂಬರಿನಲ್ಲಿ ಕನ್ನಡ ಅಂಕಿ ಬೇಕೆಂದವರಿಗೆ ಅದನ್ನೂ ಬರೆದ. ನಿಯಮದ ಪ್ರಕಾರ ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿಯೇ ಇರಬೇಕು, ಕನ್ನಡ ಅಂಕಿಗೆ ಅಲ್ಲಿ ಜಾಗವಿಲ್ಲ. ಅವನು ಮಾಡಿದ್ದು ತಪ್ಪೇ ಇರಬಹುದು. ಆದರೆ ಅವನ ಕಸುಬು ಒಂದು ಅಧಿಸೂಚನೆಯಲ್ಲಿ ಮುಗಿದಾಗ, ‘ನಿನಗೆ ಮುಂದೇನು?’ ಎಂದು ಕೇಳಿದವರಿಲ್ಲ.

ಒ.ಟಿ.ಪಿ. ಬಂತಾ ಯಜಮಾನ್ರೇ?

ಫಲಕ ಬೇಕೆಂದರೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕು. ಗಾಡಿಯ ಕಂಪನಿ ಯಾವುದು, ಚಾಸಿ ನಂಬರು ಏನು, ಎಂಜಿನ್ ನಂಬರು ಏನು, ಎಲ್ಲಾ ತುಂಬಬೇಕು. ಮೊಬೈಲಿಗೆ ಗುಟ್ಟಿನ ಸಂಖ್ಯೆ ಬರುತ್ತದೆ. ದುಡ್ಡೂ ಆನ್‌ಲೈನಿನಲ್ಲೇ, ನಗದು ನಡೆಯುವುದಿಲ್ಲ. ಆಮೇಲೆ ಒಂದು ತಾರೀಖು ಕೊಡುತ್ತಾರೆ. ಆ ದಿನ ಡೀಲರಿನ ಅಂಗಡಿಗೆ ಗಾಡಿ ತಗೊಂಡು ಹೋಗಬೇಕು.

ಸೈಬರ್ ಸೆಂಟರಿನ ಮುಂದೆ ನಿಂತರೆ ಈ ಮಾತು ಕೇಳಿಸುತ್ತದೆ.

‘ಒ.ಟಿ.ಪಿ. ಬಂತಾ ಯಜಮಾನ್ರೇ?’

‘ಏನೋ ಬಂದೈತಿ ನೋಡಪ್ಪಾ. ನನಗೆ ಓದಾಕೆ ಬರಂಗಿಲ್ಲ.’

‘ಆರ್.ಸಿ. ಕಾರ್ಡು ಎಲ್ಲಿ?’

‘ಅದು ನನ್ನ ತಮ್ಮನ ಹೆಸರಿನಾಗೈತಿ. ಅವನಿಲ್ಲ, ತೀರಿಕೊಂಡು ನಾಕು ವರ್ಷ ಆತು.’

ಇಲ್ಲಿಗೆ ಬಂದು ಕಥೆ ನಿಲ್ಲುತ್ತದೆ. ಹಳ್ಳಿಯ ಗಾಡಿಗಳಲ್ಲಿ ಎಷ್ಟೋ ಗಾಡಿ ಮೂರನೇ ಕೈ, ನಾಲ್ಕನೇ ಕೈ. ಕಾಗದ ಒಬ್ಬನದು, ಓಡಿಸುವವನು ಇನ್ನೊಬ್ಬ. ಹೆಸರು ಬದಲಾಯಿಸಲು ಆರ್.ಟಿ.ಓ. ಕಚೇರಿಗೆ ಹೋದರೆ ‘ಮೊದಲು ಹೊಸ ಪ್ಲೇಟು ಹಾಕಿಸ್ಕೊಂಡು ಬಾ’ ಎನ್ನಬೇಕೆಂಬುದು ಅಧಿಸೂಚನೆಯದೇ ಮಾತು. ಹೊಸ ಫಲಕವಿಲ್ಲದ ಗಾಡಿಗೆ ಮಾಲೀಕತ್ವ ವರ್ಗಾವಣೆ ಇಲ್ಲ, ವಿಳಾಸ ಬದಲಾವಣೆ ಇಲ್ಲ, ಸಾಲ ತೀರಿದ್ದನ್ನು ದಾಖಲೆಯಲ್ಲಿ ತೆಗೆಸುವುದೂ ಇಲ್ಲ. ಪ್ಲೇಟಿಗೆ ಕಾಗದ ಬೇಕು, ಕಾಗದಕ್ಕೆ ಪ್ಲೇಟು ಬೇಕು. ಮದುವೆ ಆಗೋ ತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ಯೆಜ್ಡಿ ಇಂದಿಗೂ ಕೆಲವರ ಅಂಗಳದಲ್ಲಿದೆ. ಕಂಪನಿಯೇ ಇಲ್ಲದ ಗಾಡಿಗೆ ಯಾವ ಡೀಲರಿನ ಬಾಗಿಲಿಗೆ ಹೋಗಬೇಕು ಎಂದು ಅಂಥವರು ತಲೆ ಕೆರೆದುಕೊಂಡರೆ ಅದರಲ್ಲಿ ತಪ್ಪೇನು?

ಈ ಗೊಂದಲದ ನೀರಿನಲ್ಲಿ ಮೀನು ಹಿಡಿದವರೂ ಇದ್ದಾರೆ. ನಕಲಿ ಜಾಲತಾಣ ಮಾಡಿ, ನಕಲಿ ಕ್ಯೂ.ಆರ್. ಕೋಡ್ ಕಳಿಸಿ ದುಡ್ಡು ಹೊಡೆದ ಪ್ರಕರಣಗಳು 2024ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದು ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. ರಸ್ತೆ ಬದಿಯಲ್ಲಿ ಅದೇ ಥರ ಕಾಣುವ ಉಬ್ಬಿದ ಅಕ್ಷರದ, ಹೊಳೆಯುವ ಮುದ್ರೆಯ ತಗಡು ಮಾರಾಟಕ್ಕೆ ಬಂತು. ಅದು ನಡೆಯುವುದಿಲ್ಲ ಎಂದು ಇಲಾಖೆ ಸಾರಿತು. ನಕಲು ತಡೆಯಲು ಬಂದ ಫಲಕಕ್ಕೇ ನಕಲು! ಕಳ್ಳನ ಕೈಗೆ ಸಿಗದಂತೆ ಮಾಡಿದ ಬೀಗ ಮಾಲೀಕನಿಗೇ ತೆರೆಯಲು ಬಾರದಂತಾದರೆ ಆ ಬೀಗಕ್ಕೆ ಏನು ಅನ್ನಬೇಕು?

ಒಂದು ನಂಬರಿಗೆ ಹದಿನೈದು ಲಕ್ಷ!

ಈಗ ನಾಣ್ಯದ ಇನ್ನೊಂದು ಮಗ್ಗುಲು ನೋಡಿ. ಐನೂರಕ್ಕೆ ಒದ್ದಾಡುವವರು ಇರುವ ಈ ದೇಶದಲ್ಲೇ, ನಂಬರಿಗಾಗಿ ಲಕ್ಷಗಟ್ಟಲೆ ಸುರಿಯುವವರೂ ಇದ್ದಾರೆ. ಇವರನ್ನು ಯಾರೂ ಬಲವಂತ ಮಾಡಿಲ್ಲ. ‘0001’ ಬೇಕು, ‘9999’ ಬೇಕು, ಕೂಡಿಸಿದರೆ ಒಂಬತ್ತು ಬರಬೇಕು, ಜ್ಯೋತಿಷಿ ಹೇಳಿದ ಅಂಕಿ ಇರಬೇಕು, ಅಷ್ಟೆ. ಸರ್ಕಾರಗಳು ಇವನ್ನು ಹರಾಜು ಹಾಕುತ್ತವೆ. ಕರ್ನಾಟಕದಲ್ಲೂ ಹರಾಜು ಉಂಟು.

ಚಂಡೀಗಢದಲ್ಲಿ 2022ರಲ್ಲಿ ಒಬ್ಬರು ‘0001’ ನಂಬರನ್ನು 15 ಲಕ್ಷ 44 ಸಾವಿರಕ್ಕೆ ಕೂಗಿ ಪಡೆದರು. ಯಾವ ಗಾಡಿಗೆ? ಎಪ್ಪತ್ತೊಂದು ಸಾವಿರದ ಸ್ಕೂಟರಿಗೆ! ಮೂಗಿಗಿಂತ ಮೂಗುತಿ ಭಾರ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಕೊಚ್ಚಿಯಲ್ಲಿ 2025ರ ಏಪ್ರಿಲಿನಲ್ಲಿ ‘0007’ ಇರುವ ಒಂದು ನಂಬರು 45 ಲಕ್ಷ 99 ಸಾವಿರಕ್ಕೆ ಹೋಯಿತು. ಹಿಮಾಚಲ ಪ್ರದೇಶದಲ್ಲಿ 2023ರಲ್ಲಿ ಸ್ಕೂಟರಿನ ‘9999’ಕ್ಕೆ ಒಂದು ಕೋಟಿ 12 ಲಕ್ಷ ಕೂಗಿದ್ದರು. ದುಡ್ಡು ಕಟ್ಟುವ ಹೊತ್ತಿಗೆ ಕೂಗಿದವರು ನಾಪತ್ತೆ. ಹರಿಯಾಣದಲ್ಲಿ 2025ರ ನವೆಂಬರಿನಲ್ಲಿ ಸಾಲುಗಟ್ಟಿದ ಎಂಟುಗಳ ನಂಬರೊಂದಕ್ಕೆ ಒಂದು ಕೋಟಿ 17 ಲಕ್ಷದ ಕೂಗು ಬಿತ್ತು. ಅಲ್ಲೂ ಕೂಗಿದವರು ಹಣ ಕಟ್ಟಲಿಲ್ಲ.

ಮಹಾರಾಷ್ಟ್ರ ಸರ್ಕಾರ ಇದನ್ನು ಗಮನಿಸಿ, 2024ರ ಆಗಸ್ಟಿನಲ್ಲಿ ಇಂಥ ನಂಬರುಗಳ ಶುಲ್ಕ ಏರಿಸಿತು. ಮುಂಬಯಿ, ಪುಣೆಯಂಥ ಊರಿನಲ್ಲಿ ಕಾರಿನ ‘0001’ಕ್ಕೆ ಆರು ಲಕ್ಷ ಎಂದಿತು. ಅದಕ್ಕೆ ಬೀದಿಯಲ್ಲಿ ಯಾರೂ ಅಳಲಿಲ್ಲ. ಶೋಕಿಗೆ ತೆರಿಗೆ ಹಾಕಿದರೆ ಅಳುವವರು ಯಾರು?

ಅಮೆರಿಕದ ರಾಜ್ಯಗಳಲ್ಲಿ ಈ ಶೋಕಿಯನ್ನು ಇನ್ನೊಂದು ರೀತಿ ಬಳಸಿಕೊಂಡಿದ್ದಾರೆ. 1986ರಲ್ಲಿ ಚಾಲೆಂಜರ್ ಅಂತರಿಕ್ಷ ನೌಕೆ ಆಕಾಶದಲ್ಲೇ ಸಿಡಿದು ಏಳು ಜನ ಸತ್ತರಲ್ಲ, ಅವರ ನೆನಪಿಗೆ ಫ್ಲಾರಿಡಾ ರಾಜ್ಯ 1987ರಲ್ಲಿ ಒಂದು ವಿಶೇಷ ನಂಬರ್ ಪ್ಲೇಟು ತಂದಿತು. ಬೇಕಾದವರು ಹೆಚ್ಚು ಶುಲ್ಕ ಕೊಟ್ಟು ಹಾಕಿಸಿಕೊಳ್ಳಬಹುದು. ಅಲ್ಲಿಂದ ಕಾಡುಪ್ರಾಣಿ ರಕ್ಷಣೆಗೊಂದು, ಕಾಲೇಜಿಗೊಂದು ಎಂದು ನೂರಕ್ಕೂ ಹೆಚ್ಚು ನಮೂನೆಯ ಪ್ಲೇಟುಗಳಾದವು. ಹೆಚ್ಚಿನವಕ್ಕೆ ವರ್ಷಕ್ಕೆ 25 ಡಾಲರು ಹೆಚ್ಚುವರಿ. ಆ ದುಡ್ಡು ಯಾವ ಕೆಲಸಕ್ಕೆ ಹೋಗಬೇಕು ಎಂಬುದು ಕಾನೂನಿನಲ್ಲೇ ಬರೆದಿದೆ. ಪ್ಲೇಟುಗಳು ಅತಿಯಾದಾಗ 2020ರಲ್ಲಿ ಮತ್ತೊಂದು ಕಾನೂನು ಮಾಡಿ, 150ಕ್ಕಿಂತ ಹೆಚ್ಚು ನಮೂನೆ ಬೇಡ, ಹೊಸದು ಬೇಕಾದರೆ ಮೊದಲು ಮೂರು ಸಾವಿರ ಜನ ದುಡ್ಡು ಕಟ್ಟಿ ಕಾಯ್ದಿರಿಸಲಿ ಎಂದರು.

ಅಲ್ಲೂ ರಗಳೆ ಇಲ್ಲದಿಲ್ಲ. ಯಾರ ಚಿಹ್ನೆ ಪ್ಲೇಟಿನ ಮೇಲೆ ಬರಬೇಕು ಎಂದು ಟೆಕ್ಸಾಸಿನಲ್ಲಿ ಜಗಳವಾಗಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ಲೇಟಿನ ಮೇಲಿನ ಮಾತು ಸರ್ಕಾರದ ಮಾತು, ಬೇಡ ಎನ್ನುವ ಹಕ್ಕು ಸರ್ಕಾರಕ್ಕಿದೆ ಎಂದು 2015ರಲ್ಲಿ ಐದು-ನಾಲ್ಕು ಮತದಿಂದ ತೀರ್ಪಾಯಿತು. ಈ ದೇಶಕ್ಕೆ ಅಂಥ ಚಿತ್ರದ ಪ್ಲೇಟು ಬೇಕಾಗಿಲ್ಲ. ಇಲ್ಲಿ ಶುರು ಮಾಡಿದರೆ ಜಾತಿಗೊಂದು, ಮಠಕ್ಕೊಂದು, ಸಿನಿಮಾ ನಟನಿಗೊಂದು ಬಂದು ಬೀದಿಯಲ್ಲೇ ಹೊಡೆದಾಟವಾದೀತು. ಆದರೆ ಅಲ್ಲಿಂದ ಕಲಿಯಬೇಕಾದ ಪಾಠ ಒಂದಿದೆ. ಇಷ್ಟಪಟ್ಟು ಹೆಚ್ಚು ಕೊಡುವವನಿಂದ ತಗೊಳ್ಳಿ, ತಗೊಂಡ ದುಡ್ಡು ಯಾವ ಕೆಲಸಕ್ಕೆ ಎಂದು ಕಾಯಿದೆಯಲ್ಲೇ ಬರೆಯಿರಿ.

ಹಾಗಾದರೆ ಆಗಬೇಕಾದದ್ದೇನು?

ಒಂದು: ರಾಜ್ಯದಲ್ಲಿ ಶೋಕಿ ನಂಬರಿನ ಹರಾಜಿನಿಂದ ಬರುವ ದುಡ್ಡು ಸಾಮಾನ್ಯ ಖಜಾನೆಯಲ್ಲಿ ಕರಗಿಹೋಗುವುದು ಬೇಡ. ಅದನ್ನು ಬೇರೆ ತೆಗೆದಿಟ್ಟು, ಬಿ.ಪಿ.ಎಲ್. ಕಾರ್ಡಿನ ಮನೆಯ ಒಂದು ದ್ವಿಚಕ್ರ ಗಾಡಿಗೆ ಫಲಕವನ್ನು ಪುಕ್ಕಟೆಯಾಗಿ ಕೊಡಲಿ. ಹದಿನೈದು ಲಕ್ಷಕ್ಕೆ ಒಂದು ನಂಬರು ಹೋದರೆ, ಐನೂರರ ಲೆಕ್ಕದಲ್ಲಿ ಮೂರು ಸಾವಿರ ಮೋಪೆಡ್ಡಿಗೆ ತಗಡು ಬರುತ್ತದೆ. ಜಗಳೂರಿನ ಕೆಲವು ಹಳ್ಳಿಗಳ ಗಾಡಿಗಳಿಗೆ ಅಷ್ಟೇ ಸಾಕು.

ಎರಡು: ಗಾಡಿ ಡೀಲರಿನ ಬಳಿಗೆ ಹೋಗುವ ಬದಲು ಫಲಕವೇ ಹೋಬಳಿಗೆ ಬರಲಿ. ಜಾನುವಾರಿಗೆ ಲಸಿಕೆ ಹಾಕಲು ಊರೂರಿಗೆ ಹೋಗುವ ಸರ್ಕಾರಕ್ಕೆ ಇದೇನು ದೊಡ್ಡ ಕೆಲಸವೆ? ಸಂತೆಯ ದಿನ ಗ್ರಾಮ ಪಂಚಾಯ್ತಿ ಮುಂದೆ ಒಂದು ಮೇಜು ಹಾಕಿ, ಅರ್ಜಿ ತುಂಬಿಸಿ, ನಗದು ತಗೊಂಡು ರಸೀದಿ ಕೊಡಲಿ. ಮುಂದಿನ ಸಂತೆಗೆ ತಗಡು ತಂದು ಕೂಡಿಸಲಿ. ಹೆಸರು ಬದಲಾಗದ ಗಾಡಿಗಳಿಗೆ ಅಲ್ಲೇ, ಅದೇ ಮೇಜಿನಲ್ಲಿ ದಾರಿ ತೋರಿಸಲಿ. ಕೂಡಿಸುವ ಕೆಲಸಕ್ಕೆ ಕಸುಬು ಕಳೆದುಕೊಂಡ ಪೇಂಟರುಗಳನ್ನೇ ಕರೆಯಲಿ.

ಮೂರು: ಬೆಲೆಯ ಲೆಕ್ಕ ಬಹಿರಂಗವಾಗಲಿ. ತಗಡಿಗೆಷ್ಟು, ಕೂಡಿಸುವ ಕೂಲಿ ಎಷ್ಟು, ಡೀಲರಿಗೆಷ್ಟು, ತೆರಿಗೆ ಎಷ್ಟು ಎಂದು ಆರ್.ಟಿ.ಓ. ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಲಿ. ಕಡ್ಡಾಯ ಮಾಡಿದ ಮೇಲೆ ಲೆಕ್ಕ ಕೊಡುವುದೂ ಕಡ್ಡಾಯ.

ನಾಲ್ಕು: ಗಡುವಿನ ಆಟ ಸಾಕು. ಮಾಡುವುದಾದರೆ ಕೈಗೆಟುಕುವಂತೆ ಮಾಡಿ, ಆಮೇಲೆ ಒಂದೇ ಮಾತು ಹೇಳಿ ಅದಕ್ಕೆ ನಿಲ್ಲಿ. ಸೌಕರ್ಯ ಕೊಡದೆ ದಂಡ ಹಾಕಿದರೆ ಅದು ಸುಲಿಗೆ. ಸೌಕರ್ಯ ಕೊಟ್ಟ ಮೇಲೂ ಹಾಕಿಸದವನಿಗೆ ದಂಡ ಬಿದ್ದರೆ ಯಾರೂ ಬೇಸರ ಪಡುವುದಿಲ್ಲ. ಆ ದಂಡ ಮೊದಲು ಬೀಳಬೇಕಾದದ್ದು ಪ್ಲೇಟಿನ ತುಂಬಾ ಹುದ್ದೆ, ಸಂಘ, ಪಕ್ಷದ ಹೆಸರು ಬರೆಸಿಕೊಂಡು, ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ನಂಬರು ಹಾಕಿಸಿಕೊಂಡ ದೊಡ್ಡ ಕಾರುಗಳಿಗೆ. ಅವುಗಳನ್ನು ತಡೆಯಲು ಕೈ ಬಾರದ ಪೊಲೀಸಪ್ಪ, ಗೊಬ್ಬರದ ಚೀಲ ಹೊತ್ತ ಮೋಪೆಡ್ಡಿಗೆ ಕೈ ಅಡ್ಡ ಹಿಡಿದರೆ ಜನ ನಗುತ್ತಾರೆ. ನಗು ಮುಗಿದ ಮೇಲೆ ಸಿಟ್ಟಾಗುತ್ತಾರೆ.

ವಿಧಾನಸೌಧದಲ್ಲಿ ಗಡುವು ಯಾವಾಗ ಮುಂದೆ ಹೋಗುತ್ತದೆ ಎಂದು ಕೇಳಿದ ಶಾಸಕರು ಇದ್ದಾರೆ. ದುಡ್ಡು ಎಲ್ಲಿಗೆ ಹೋಗುತ್ತದೆ, ಬಡವನ ಪಾಲಿನದು ಯಾರು ಭರಿಸಬೇಕು ಎಂದು ಗಟ್ಟಿಯಾಗಿ ಕೇಳುವವರು ಬೇಕಾಗಿದೆ. ಜಿಲ್ಲೆಯ ಶಾಸಕರ ಕಾರುಗಳಿಗೆಲ್ಲಾ ಒಳ್ಳೊಳ್ಳೆ ನಂಬರುಗಳೇ ಇರಬಹುದು. ಆ ಕಾರುಗಳ ಹಿಂದೆ ಧೂಳು ಕುಡಿಯುತ್ತಾ ಬರುವ ಮೋಪೆಡ್ಡಿನ ಮಣ್ಣು ಮೆತ್ತಿದ ನಂಬರನ್ನೂ ಅವರು ಒಮ್ಮೆ ಇಳಿದು ಓದಲಿ. ಅವರನ್ನು ಗೆಲ್ಲಿಸಿದ ವೋಟು ಆ ಮೋಪೆಡ್ಡಿನ ಮೇಲೂ ಕೂತಿದೆ.